ಕಂಬರ ಅಂದರೆ ಸೊಂಟ

ಇಸ್ತ್ರಿಪೆಟ್ಟಿಯ ಹಿಡಿಕೆ ಹಿಡಿದು ಹಿಡಿದು ಅಣ್ಣನ ಬಲ ಅಂಗೈ ಗೆರೆಗಳೇ ಇಲ್ಲದಂತೆ ನುಣುಪಾಗಿತ್ತು. ಊರಿನವರ ಬಟ್ಟೆಯನ್ನೆಲ್ಲ ನೇರ ಮಾಡಿದ ಆ ಅಣ್ಣ ಹೇಳಿಕೊಟ್ಟ ಒಂದೇ ಒಂದು ಮಾತನ್ನು ನಾನು ಡಾಕ್ಟರಿಗೆ ನೇರವಾಗಿ ಹೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ನಾನು ಮರಾಠಿ ಸೀಮೆಯ ಹಡಪಸರಕ್ಕೆ, ಅಣ್ಣನ ಖೋಲಿಗೆ ಬಂದೆ. ನಾಲ್ಕನೇ ಇಯತ್ತೆ ಓದಿದವಳು. ಮನೆಮನೆಯ ಭಾಂಡೆ ತಿಕ್ಕುತ್ತ ಮರಾಠಿ ಕಲಿತೆ. ಅಣ್ಣನಿಗೆ ಗಿರಾಕಿಗಳಿಗೆ ಬೇಕಾದಷ್ಟೇ ಮರಾಠಿ.

ಓಣಿಗೆಲ್ಲ ಸೇರಿ ಒಂದೇ ಪಾಯಖಾನೆ, ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಅಣ್ಣ ಡಬ್ಬಿ ಹಿಡಿದು ಪದೇ ಪದೇ ಸಾಲಿನಲ್ಲಿ ನಿಲ್ಲತೊಡಗಿದಾಗ ಎದುರು ಖೋಲಿಯ ಕಾಕಾ, "ಕಾಯ್ ಅಣ್ಣಾ, ನಳ ಗಳ್ತೋಯ್ ಕಾ?" ಎಂದು ಕೇಳಿ, ನಲ್ಲಿ ಸೋರುತ್ತಿದೆಯೆಂದು ಸಾಲಿನವರನ್ನೆಲ್ಲ ನಗಿಸುತ್ತಿದ್ದರು. ಅಣ್ಣನೂ ನಗುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ.

ಒಂದು ಸಂಜೆ ಓಣಿಯ ದವಾಖಾನೆಗೆ ಹೋದೆವು. ನಡುವೆ ಒಂದು ಪರದೆ, ಅದರಾಚೆ ಬಾಕಿನ ಮೇಲೆ ನಮ್ಮ ಓಣಿಯ ಹೆಂಗಸರು.

"ಒಂದಕ್ಕ ಹೋಗಾಕ ಭಾಳ ತ್ರಾಸ ಆಗೇದ, ರಕ್ತಾನೂ ಬಿತ್ತು ಅಂತ ಹೇಳ ಯವ್ವಾ" ಎಂದ ಅಣ್ಣ.

ನನ್ನ ಬಾಯಿಂದ ಬಂದದ್ದು, "ಕಂಬರ ದುಖತೆ." ಸೊಂಟ ನೋಯುತ್ತದೆ.

ಡಾಕ್ಟರು ನೋವಿನ ಗುಳಿಗೆ ಕೊಟ್ಟರು. ಒಂದು ವರ್ಷ ಅಣ್ಣ ಅದನ್ನೇ ನುಂಗಿದ. ಆಮೇಲೆ ಸೊಂಟವೇ ನಿಜವಾಗಿ ನೋಯತೊಡಗಿತು. ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಎಲುಬಿಗೆ ಇಳಿದಿದೆ, ಮೊದಲೇ ಬರಬೇಕಿತ್ತು.

ಬಸ್ಸಿನಲ್ಲಿ ಅಣ್ಣನೇ ಮಾತು ತೆಗೆದ. "ದಿನಾ ಪ್ಯಾಂಟಿನ ಕಂಬರ ತೀಡಾಂವಗ ಕಂಬರ ಅಂದ್ರೇನಂತ ಗೊತ್ತಿರೂದಿಲ್ಲೇನ? ಅವತ್ತ ನಿನ್ನ ಮಾರಿ ನೋಡಿ ಸುಮ್ನಾದೆ. ನನಗೂ ನಾಚಿಕಿ ಬಂದಿತ್ತು, ಬಿಡ."

ಮರುದಿನ ಬೆಳಿಗ್ಗೆ ಕಾಕಾ ಎರಡನೇ ಸಲ ಡಬ್ಬಿ ಹಿಡಿದು ಸಾಲಿಗೆ ಬಂದರು. ಅಣ್ಣ ಅವರ ಕೈ ಹಿಡಿದುಕೊಂಡ. "ಕಾಕಾ, ದವಾಖಾನಾ..." ಎಂದು ಮರಾಠಿ ಸಿಗದೆ ತಡವರಿಸಿ, ಹೆಂಗಸರ ಸಾಲಿನಲ್ಲಿದ್ದ ನನ್ನನ್ನು ಕರೆದ. "ಬಾ ಇಲ್ಲೆ. ಈಗರ ಪೂರಾ ಹೇಳ."

ತನ್ನ ಎಲುಬೇ ಸವೆಯುತ್ತಿರುವಾಗ, ತನ್ನನ್ನು ನೋಡಿ ನಕ್ಕವರ ಚಿಂತೆ! ಅಣ್ಣ ಹೋಗಿ ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದೆ: ತ್ರಾಸ, ರಕ್ತ, ರೋಗದ ಹೆಸರು. ಯಾರೂ ನಗಲಿಲ್ಲ. ಕಾಕಾ ಡಬ್ಬಿ ಕೆಳಗಿಟ್ಟು, "ಉದ್ಯಾ ಜಾತೋ" ಎಂದರು. ನಾಳೆ ಹೋಗುತ್ತೇನೆ.

ನಾನು ಅಣ್ಣನ ಕಡೆ ತಿರುಗಿದೆ.

"ಅಣ್ಣಾ, ಇಷ್ಟ ಮಾತು ನಾ ಅವತ್ತ ಹೇಳಬೇಕಿತ್ತು. ನಂದು ತಪ್ಪಾತೋ."