ಹುಲ್ಲು ಹೊರುವ ಹಂದಿ

ಬಸುರಿ ಹಂದಿ ಹುಲ್ಲು ಹೊರಲು ಶುರು ಮಾಡಿದರೆ ಅದರ ಎದುರಿಗೆ ಹೋಗಬಾರದು. ಗಾಜುವಾಕದ ಅಕ್ಕನ ಮನೆಗೆ ಬಂದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಕಲಿಸಿದ್ದು ಅಕ್ಕನ ಅತ್ತೆ, ಬಾಯಿಂದಲ್ಲ, ಕೋಲಿನಿಂದ. ಹಂದಿಯೊಂದು ಗೋಣಿಚೀಲ ಎಳೆದುಕೊಂಡು ಹೋಗುತ್ತಿತ್ತು. ಕಿತ್ತುಕೊಳ್ಳಲು ಹೋದೆ. ಮುದುಕಿ ಹಿಂದಿನಿಂದ ಬಂದು ಮೊಣಕಾಲಿಗೆ ಒಂದು ಬಿಟ್ಟಳು. ಹಂದಿ ಕಚ್ಚಿದ್ದರೆ ಇನ್ನೂ ಜಾಸ್ತಿ ನೋಯುತ್ತಿತ್ತು ಅಂದಳು.

ನಾನು ಬಳ್ಳಾರಿ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಕ್ಕನ ಅತ್ತೆಯ ತವರೂ ನಮ್ಮ ಕಡೆಯದೇ. ಮದುವೆಯಾಗಿ ಇಲ್ಲಿಗೆ ಬಂದು ತೆಲುಗಿನವಳಾಗಿದ್ದಾಳೆ, ಮನೆಯೊಳಗೆ ಮಾತ್ರ, ಅದರಲ್ಲೂ ಬೈಯುವಾಗ, ಕನ್ನಡವೇ ಬರುತ್ತದೆ. ಭಾವನಿಗೆ ಒಂದು ಸಣ್ಣ ಲಾರಿ ಇದೆ. ಹೋಟೆಲುಗಳಿಂದ ಮುಸುರೆ ತರುವುದು, ಬಲಿತ ಹಂದಿಗಳನ್ನು ವಿಜಯವಾಡಕ್ಕೆ ಒಯ್ಯುವುದು ಅವನ ಕೆಲಸ. ಹೊರುವುದು, ಬಳಿಯುವುದು, ಒದೆಸಿಕೊಳ್ಳುವುದು ನನ್ನದು.

ಮುದುಕಿಯ ಪದ್ಧತಿ ಸರಳ. ಮರಿ ಹಾಕುವ ದಿನ ಹತ್ತಿರ ಬಂದಾಗ ಹಂದಿಗೆ ಹುಚ್ಚು ಹಿಡಿದಂತಾಗುತ್ತದೆ. ಕೂರುವುದಿಲ್ಲ, ಮಲಗುವುದಿಲ್ಲ. ನೆಲ ಕೆರೆದು ಗುಂಡಿ ಮಾಡುತ್ತದೆ. ಹುಲ್ಲು, ಚಿಂದಿ, ಬಾಳೆಲೆ, ಪ್ಲಾಸ್ಟಿಕ್, ಸಿಕ್ಕಿದ್ದೆಲ್ಲ ಬಾಯಲ್ಲಿ ಕಚ್ಚಿ ತಂದು ಗುಂಡಿಗೆ ಹಾಕುತ್ತದೆ. ಮೂಲೆಯಲ್ಲಿ ಎರಡು ಕಟ್ಟು ಭತ್ತದ ಹುಲ್ಲು ಎಸೆದು ನಾವು ಬಾಗಿಲು ಮುಂದೆ ಮಾಡಿ ಬಂದುಬಿಡಬೇಕು, ಅಷ್ಟೇ.

ಭಾವನಿಗೆ ಇದು ಸಾಕಾಗಿತ್ತು. ಹಿಂದಿನ ಸೂಲಿನಲ್ಲಿ ಒಂದು ಹಂದಿ ಹುಲ್ಲಿನಲ್ಲಿ ಹೊರಳಿ ತನ್ನ ಮರಿಗಳ ಮೇಲೇ ಮಲಗಿತ್ತು. ಬೆಳಿಗ್ಗೆ ಎತ್ತಿದರೆ ಚಪಾತಿ ಹಾಗೆ ಬಂದವು. ಆಮೇಲೊಮ್ಮೆ ಲಾರಿ ರಿಪೇರಿಗೆ ವಿಜಯವಾಡದ ಆಟೋನಗರ್‌ಗೆ ಹೋದವನು ಅಲ್ಲೇ ಹತ್ತಿರ ಯಾರದೋ ದೊಡ್ಡ ಹಂದಿ ಶೆಡ್ಡು ನೋಡಿಬಂದ. ಅಲ್ಲಿ ಹಂದಿಗಳು ಕಬ್ಬಿಣದ ಕಂಬಿಗಳ ನಡುವೆಯೇ ಮರಿ ಹಾಕುತ್ತವಂತೆ. ತಿರುಗಲು ಜಾಗವಿಲ್ಲ, ಹಾಗಾಗಿ ಮರಿ ಮೇಲೆ ಬೀಳುವುದೂ ಇಲ್ಲ. ಆಟೋನಗರ್‌ನಲ್ಲೇ ಅಂಥದ್ದೊಂದು ಪಂಜರ ವೆಲ್ಡಿಂಗ್ ಮಾಡಿಸಿಕೊಂಡು ಬಂದ. ಹಂದಿಯನ್ನು ಅದರೊಳಗೆ ಎಷ್ಟು ದಿನ ಮೊದಲೇ ಬಿಡಬೇಕು ಎಂದು ಮಾತ್ರ ಕೇಳಿಕೊಂಡು ಬರಲಿಲ್ಲ.

ಮೊದಲು ಅದರೊಳಗೆ ಹೋಗಿದ್ದು ಅಕ್ಕನ ಹಂದಿ. ತಾಯಿ ಸತ್ತ ಸಣಕಲು ಮರಿಯನ್ನು ಅಕ್ಕ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಇದು ಅದರ ಚೊಚ್ಚಲು. ಆ ದಿನ ಬೆಳಿಗ್ಗೆ ಮೊಲೆ ಒತ್ತಿದರೆ ಹಾಲು ಬರುತ್ತಿತ್ತು. ಹಿತ್ತಲ ಗೋಡೆಯ ಮೂಲೆಯಲ್ಲಿ ಆಗಲೇ ಗುಂಡಿ ತೋಡಿ, ಹಗ್ಗದ ಮೇಲಿದ್ದ ಅಕ್ಕನ ಲಂಗವನ್ನೂ ಎಳೆದುಕೊಂಡು ಹೋಗಿತ್ತು. ಮುದುಕಿ ಸಂತೆಗೆ ಹೋಗಿದ್ದಳು. ಭಾವ ಸಿಮೆಂಟು ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದ. ಒಂದು ಎಳೆ ಹುಲ್ಲು ಬಿಡಲಿಲ್ಲ.

"ಇವತ್ತೇ ಹಾಕ್ಬೇಕೇನ್ರೀ?" ಅಕ್ಕ ಕೇಳಿದಳು. "ಹುಲ್ಲು ಹೊರಾಕ ಹತ್ತೈತೆ. ಅತ್ತಿ ಬರ್ಲಿ ತಡೀರಿ."

"ಮರಿ ಹಾಕೋ ದಿನಾನೇ ತಾನೇ ಇದು ಬೇಕಾಗೋದು? ಹಾಕಿದ ಮ್ಯಾಲೆ ಪೂಜೆ ಮಾಡ್ಲಾ ಇದಕ್ಕೆ?" ಅಂದ ಭಾವ. ನನ್ನ ಕಡೆ ತಿರುಗಿದ, ಬಾಮೈದ ಎನ್ನುವುದು ಅವನ ಬಾಯಲ್ಲಿ ತೆಲುಗಿನಲ್ಲೇ ಬರುತ್ತದೆ. "ಏಮ್ ಬಾಮ್ಮರ್ದಿ, ಅನ್ನ ತಿಂದಿಲ್ವಾ? ನೂಕು."

ನೂಕಿದೆವು. ಹಂದಿ ಹೋಗಲಿಲ್ಲ. ಕಿವಿ ಹಿಡಿದು ಎಳೆದು, ಬಾಲ ತಿರುಚಿ, ಹಲಗೆ ಅಡ್ಡ ಇಟ್ಟು ಒಳಗೆ ತುರುಕಿ ಚಿಲಕ ಹಾಕಿದೆವು.

ಅದು ಸಿಮೆಂಟನ್ನು ಕೆರೆಯತೊಡಗಿತು. ಗುಂಡಿ ಆಗಲಿಲ್ಲ, ಗೊರಸಿನಿಂದ ರಕ್ತ ಬಂತು. ಹುಲ್ಲಿಲ್ಲದ್ದಕ್ಕೆ ಕಂಬಿ ಕಚ್ಚಿತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಬಾಯಿಯ ನೊರೆ ಕೆಂಪಾಯಿತು. ಹಾಗೆ ಇರುವಾಗಲೇ ಮೊದಲ ಮರಿ ಬಿತ್ತು.

ಹಿಂದೆ ಏನು ಬಿದ್ದಿತೆಂದು ತಿರುಗಿ ಮೂಸಲು ಅದಕ್ಕೆ ಆಗಲಿಲ್ಲ. ಮರಿ ತೆವಳಿಕೊಂಡು ಮೊಲೆ ಹುಡುಕುತ್ತಾ ಮುಖದ ಹತ್ತಿರ ಬಂತು. ಹಂದಿ ಬೆಚ್ಚಿಬಿದ್ದು ನಾಯಿಯಂತೆ ಬೊಗಳಿತು. ಮರಿಯ ನಡುವಿಗೆ ಬಾಯಿ ಹಾಕಿ ಕಡಿಯಿತು. ಮರಿ ಒಮ್ಮೆ ಕಿರುಚಿತು, ಎರಡನೇ ಸಲ ಕಿರುಚಲಿಲ್ಲ. ಇನ್ನೊಂದು ಬಂತು, ಅದರ ತಲೆ ಹೋಯಿತು. ಮೂರನೆಯದನ್ನು ಎತ್ತಿಕೊಳ್ಳಲು ನಾನು ಕಂಬಿಯೊಳಗೆ ಕೈ ಹಾಕಿದೆ. ಹೆಬ್ಬೆರಳಿನ ಬುಡದ ಮಾಂಸ ಹಂದಿಯ ಬಾಯಿಗೆ ಹೋಯಿತು. ಮರಿಯೂ ಸಿಗಲಿಲ್ಲ.

ಭಾವ ಕಬ್ಬಿಣದ ಪೈಪು ತೆಗೆದುಕೊಂಡು ಅದರ ಮೂತಿಗೆ ಬಾರಿಸಿದ. ಬಾರಿಸಿದಷ್ಟೂ ಅದು ಮೈ ಎತ್ತಿ ಎತ್ತಿ ನೆಲಕ್ಕೆ ಬಡಿಯಿತು. ಕೆಳಗೆ ಒಂದು ಮರಿ ಇತ್ತು. ಅದೂ ಹೋಯಿತು. ಅಕ್ಕ ಹಿಂದೆ ಕೂತು, ಬೀಳುವ ಮರಿಗಳನ್ನು ಬಿದ್ದ ತಕ್ಷಣ ಬಾಚಿ ಬುಟ್ಟಿಗೆ ಹಾಕತೊಡಗಿದಳು. ಮೊಣಕೈವರೆಗೆ ರಕ್ತ. "ಹೊಡೀಬ್ಯಾಡ್ರಿ, ಹೊಡೀಬ್ಯಾಡ್ರಿ" ಎಂದು ಒಂದೇ ದನಿಯಲ್ಲಿ ಹೇಳುತ್ತಲೇ ಇದ್ದಳು.

ಮುದುಕಿ ಬಂದದ್ದು ಆಗ. ಚೀಲ ಕೆಳಗಿಟ್ಟು ನೋಡಿದಳು. ಆ ಮನೆಯಲ್ಲಿ ಒಂದು ನಿಯಮ ಇದೆ: ತನ್ನ ಮರಿಯ ರಕ್ತ ಕುಡಿದ ಹಂದಿ ಆ ರಾತ್ರಿ ಹಟ್ಟಿಯಲ್ಲಿ ಇರಬಾರದು.

"ಕಟುಕನಿಗೆ ಫೋನ್ ಮಾಡೋ" ಎಂದು ಮಗನಿಗೆ ಹೇಳಿದಳು.

"ಅತ್ತೀ, ಹೊಟ್ಟ್ಯಾಗ ಇನ್ನೂ ಅದಾವ."

"ಅವನ್ನೂ ತಿಂತೈತೆ. ಬಾಟಲಿ ಹಾಲು ಕುಡ್ದ ಜಾತಿ, ತಾಯಿ ಅಂದ್ರೇನಂತ ಅದಕ್ಕೇನ್ ಗೊತ್ತು?"

ಭಾವ ಫೋನ್ ಮಾಡಿದ. ಸಂಜೆಗೆ ಬರುತ್ತೇನೆ ಅಂದನಂತೆ ಅವನು. ಅಕ್ಕ ಎದ್ದಳು, ಯಾರನ್ನೂ ಕೇಳದೆ ಚಿಲಕ ತೆಗೆದಳು.

ಹಂದಿ ಹೊರಗೆ ಬಂದ ರಭಸಕ್ಕೆ ಭಾವ ಮುಸುರೆಯ ಡ್ರಮ್ಮಿನ ಮೇಲೆ ಬಿದ್ದ. ಹೋಗುತ್ತಾ ಅವನ ಮೀನಖಂಡವನ್ನು ಲುಂಗಿ ಸಮೇತ ಸಿಗಿದುಕೊಂಡೇ ಹೋಯಿತು. ನಾನು ಗೋಡೆ ಹತ್ತಿದೆ. ಅದು ನೇರ ಹಿತ್ತಲ ಮೂಲೆಗೆ, ಬೆಳಿಗ್ಗೆ ತೋಡಿದ ಗುಂಡಿಗೆ ಓಡಿತು. ಕೆರೆಯಿತು. ಲಂಗವನ್ನು ಎಳೆದು, ಕೊಡವಿ, ಮತ್ತೆ ಹಾಸಿತು. ಬಾಯಿಂದ ರಕ್ತ ಸುರಿಯುತ್ತಿತ್ತು, ಆದರೂ ಕೆಲಸ ನಿಲ್ಲಿಸಲಿಲ್ಲ.

ಮುದುಕಿ ತಾನೇ ಹೋಗಿ ಎರಡು ಕಟ್ಟು ಹುಲ್ಲು ತಂದು ದೂರದಿಂದ ಎಸೆದಳು. "ಕಟುಕ ಬರೋತನಕ ಮಾಡ್ಕೊಳ್ಲಿ. ಎದುರಿಗೆ ಯಾರೂ ಹೋಗ್ಬ್ಯಾಡ್ರಿ" ಅಂದಳು.

ಹಂದಿ ಹುಲ್ಲನ್ನೆಲ್ಲ ಹೊತ್ತು ಹಾಕಿ, ಸುತ್ತು ಹಾಕಿ, ಮೊದಲು ಮುಂಗಾಲು ಮಡಚಿ ಮೆಲ್ಲಗೆ ಮಲಗಿತು. ಮೂರು ಮರಿ ಬಂದವು. ಒಂದೊಂದಕ್ಕೂ ಮೂತಿ ತಿರುಗಿಸಿ ಮೂಸಿತು. ಗುರ್, ಗುರ್ ಎಂದು ಸಣ್ಣಗೆ ಕರೆಯಿತು. ಕಚ್ಚಲಿಲ್ಲ.

ಬುಟ್ಟಿಯಲ್ಲಿದ್ದ ನಾಲ್ಕು ಮರಿಗಳಿಗೆ ಅಕ್ಕ ಅದೇ ಗುಂಡಿಯ ಒದ್ದೆ ಹುಲ್ಲು ಉಜ್ಜಿದಳು, ತಾಯಿಯ ವಾಸನೆ ಹತ್ತಲೆಂದು. ಹಿಂದಿನಿಂದ ತೆವಳಿಕೊಂಡು ಹೋಗಿ ಒಂದನ್ನು ಇಟ್ಟಳು. ಹಂದಿ ತಲೆ ಎತ್ತಿತು, ಬಾಯಿ ತೆರೆಯಿತು. ಮುರಿದ ಹಲ್ಲು ನನಗೆ ಗೋಡೆಯ ಮೇಲಿಂದ ಕಾಣುತ್ತಿತ್ತು. ಅಕ್ಕ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಂದಿ ಮೂತಿಯಿಂದ ಮರಿಯನ್ನು ಎತ್ತಿ ಒಗೆಯಿತು. ಅದು ಉರುಳಿ ಹೊಟ್ಟೆಯ ಹತ್ತಿರ ಬಿದ್ದು ಮೊಲೆ ಹಿಡಿಯಿತು. ಅಕ್ಕ ಉಳಿದವನ್ನೂ ಒಂದೊಂದಾಗಿ ಇಟ್ಟಳು.

ಸಂಜೆ ಕಟುಕ ಇಬ್ಬರು ಆಳುಗಳ ಜೊತೆ ಹಗ್ಗ, ಬಿದಿರು ಹಿಡಿದು ಬಂದ. ನಾನೂ ಭಾವನೂ ಗಾಯಕ್ಕೆ ಚಿಂದಿ ಸುತ್ತಿಕೊಂಡಿದ್ದೆವು, ನಾನು ಇನ್ನೂ ಗೋಡೆಯ ಮೇಲೇ. ಅಕ್ಕ ಅಡ್ಡ ನಿಂತಳು. ಮುದುಕಿ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. ಕಟುಕ ಹಗ್ಗದ ಕುಣಿಕೆ ಬೀಸಿದ. ಕುಣಿಕೆ ಮರಿಗಳ ಮೇಲೆ ಬಿತ್ತು. ಒಂದು ಮರಿ ಕಿರುಚಿತು.

ಅಷ್ಟು ದೊಡ್ಡ ದೇಹ ಅಷ್ಟು ಬೇಗ ಏಳುವುದನ್ನು ನಾನು ನೋಡಿಯೇ ಇರಲಿಲ್ಲ. ಮರಿಗಳನ್ನು ತುಳಿಯದೆ ಎದ್ದಿತು. ಬಿದಿರು ಎರಡು ತುಂಡಾಯಿತು. ಒಬ್ಬ ಆಳು ಬಾಗಿಲಿಂದ ಓಡಿದ, ಇನ್ನೊಬ್ಬ ಗೋಡೆ ಹತ್ತಿ ನನ್ನ ಪಕ್ಕ ಕೂತ. ಕಟುಕನ ತೊಡೆ ಒಂದು ಗೇಣು ಸೀಳಿ ಒಳಗಿನ ಬಿಳಿ ಕಾಣಿಸಿತು. ಅವನು ಕೆಳಗೆ ಬಿದ್ದ ಮೇಲೂ ಹಂದಿ ಬಿಡಲಿಲ್ಲ. ಮುದುಕಿ ಮತ್ತು ಅಕ್ಕ ಅವನ ಎರಡೂ ಕೈ ಹಿಡಿದು ಎಳೆದು ಬಾಗಿಲು ಹಾಕಿದರು.

"ಮರಿ ತಿನ್ನೋ ಹಂದಿ ಅಂದ್ರಿ" ಎಂದ ಅವನು, ತೆಲುಗಿನಲ್ಲಿ, ಹಲ್ಲು ಕಚ್ಚಿಕೊಂಡು. "ನನ್ನನ್ನೇ ತಿಂದಿತಲ್ಲಮ್ಮಾ."

"ನಿನ್ನ ತಿಂದ್ರೆ ನಮ್ಮನೆ ನಿಯಮಕ್ಕೇನೂ ಅಡ್ಡಿ ಇಲ್ಲ" ಅಂದಳು ಮುದುಕಿ. ತನ್ನ ಸೆರಗು ಹರಿದು ಅವನ ತೊಡೆಗೆ ಬಿಗಿದಳು. "ಹೋಗಿ ಸೂಜಿ ಹಾಕಿಸ್ಕೋ. ನಾಳೆ ಬರ್ಬ್ಯಾಡ."

ಅಕ್ಕ ಅವಳ ಮುಖ ನೋಡಿದಳು. ಮುದುಕಿ ನೋಡಲಿಲ್ಲ. ಕೈ ತೊಳೆಯಲು ಹೋದಳು.

ಕಟುಕನನ್ನೂ ಭಾವನನ್ನೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನನಗೂ ಹೊಲಿಗೆ ಬಿತ್ತು. ಬಂದು ಪಂಜರದೊಳಗಿನ ತುಂಡುಗಳನ್ನು ಬಳಿದು ಬೇಲಿಯ ಆಚೆ ಹೂತೆ. ಒಂದು ತಲೆ ಸಿಗಲೇ ಇಲ್ಲ. ಗುದ್ದಲಿ ಒಳಗಿಡಲು ಬಂದಾಗ ಅಕ್ಕ ಮೂಲೆಯಲ್ಲಿ, ಹಂದಿಯ ಹಿಂದುಗಡೆ, ಹುಲ್ಲಿನಲ್ಲೇ ಕೂತಿದ್ದಳು. ಮೊಲೆ ಸಿಗದೆ ಒದ್ದಾಡುತ್ತಿದ್ದ ಒಂದು ಸಣಕಲು ಮರಿಯನ್ನು ಹಿಡಿದು ಬಾಯಿಗೆ ಹಂದಿಯ ಮೊಲೆ ಇಡುತ್ತಿದ್ದಳು. ಹಂದಿ ಸುಮ್ಮನೆ ಮಲಗಿತ್ತು. ನಾನು ಬಾಗಿಲ ಹತ್ತಿರ ಬಂದಾಗ ಮಾತ್ರ ತಲೆ ಎತ್ತಿತು. ಅಕ್ಕ ನನಗೆ ಹೋಗು ಎಂದು ಕೈ ಮಾಡಿದಳು.