ಬ್ರೆಡ್ಡು ಯಾರಿಗೆ?

ನನಗೆ ಬ್ರೆಡ್ಡೆಂದರೆ ಪ್ರಾಣ. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ಎಪ್ಪತ್ತರ ದಶಕದ ಹಿರಿಯೂರಿನಲ್ಲಿ ಬ್ರೆಡ್ಡು ಜ್ವರದವರ ಊಟ. ನನ್ನಂಥ ಗಟ್ಟಿಮುಟ್ಟಾದ ಮೇಷ್ಟ್ರ ಕೈಯಲ್ಲಿ ಪೊಟ್ಟಣ ಕಂಡರೆ ಸಾಕು, "ಯಾರಿಗೆ ಹುಷಾರಿಲ್ಲ?" ಎಂದು ನಾಲ್ಕು ಜನ ಅಡ್ಡಗಟ್ಟುತ್ತಿದ್ದರು. ಒಮ್ಮೆ ರೋಸಿಹೋಗಿ "ನನಗೇ" ಎಂದುಬಿಟ್ಟೆ. ಸಂಜೆಗೆ ಹೆಡ್‌ಮೇಷ್ಟ್ರು ಎರಡು ಮೂಸಂಬಿ ಹಿಡಿದು ಮನೆಗೇ ಬಂದರು. ಮೂಸಂಬಿಯ ಮರ್ಯಾದೆಗಾದರೂ ಕಂಬಳಿ ಹೊದ್ದು ನರಳಬೇಕಾಯಿತು.

ಇಂಥ ನನಗೇ ಒಂದು ಸಲ ಮೇಲಿನಿಂದ ಕೆಲಸ ಬಂತು. ಜನ ತಾವು ಕೊಳ್ಳುವ ತಿನಿಸನ್ನು ಯಾಕೆ ಕೊಳ್ಳುತ್ತಾರೆಂದು ಕೇಳಿ ಬರೆಯಬೇಕು. ಫಾರಂನಲ್ಲಿ ಉತ್ತರಗಳೂ ತಯಾರಿದ್ದವು: ರುಚಿ, ಬೆಲೆ, ಪುಷ್ಟಿ. ಗುರುತು ಹಾಕಿದರಾಯಿತು. ನಮ್ಮ ಹಿರಿಯರು ಆಹಾರಕ್ಕೆ ಸಾತ್ವಿಕ, ರಾಜಸ, ತಾಮಸ ಎಂದು ಮೂರೇ ಹೇಳಿದರಲ್ಲ, ಸರ್ಕಾರವೂ ಮೂರಕ್ಕೇ ನಿಂತಿತು ಅಂದುಕೊಂಡೆ.

ಬಸ್‌ಸ್ಟ್ಯಾಂಡಿನ ಬೇಕರಿ ಮುಂದೆ ಕೂತೆ. ಧರ್ಮಪುರದ ಕಡೆಯ ಕುರಿ ಕಾಯುವವನೊಬ್ಬ ಬಂದು ಒಂದು ಪೌಂಡು ಬ್ರೆಡ್ಡು ಕೊಂಡ.

"ಯಾರಿಗಪ್ಪ ಜ್ವರ?" ಊರಿನ ಚಾಳಿ ನನಗೂ ಅಂಟಿತ್ತು.

"ನಮ್ಮಾಕಿಗೆ ಕಣ್ರೀ. ಮೈಯೆಲ್ಲ ಕೆಂಡ ಆಗೈತೆ. ಡಾಕ್ಟ್ರು ಗುಳಿಗೆ ಕೊಟ್ಟು ಮಲಗ್ಬೇಕು ಅಂದ್ರು. ಮಲಗಾಕೆ ಬಿಡೋರ್ಯಾರು? ನಮ್ಮವ್ವ ಸೋಗು ಅಂತಾಳೆ. ಇವಳು ಮುದ್ದೆ ತೊಳಸ್ತಾಳೆ, ನೀರು ಹೊರ್ತಾಳೆ."

"ಬ್ರೆಡ್ಡಿನ ರುಚಿ ಹಿಡಿಸಿದೆಯೋ ಅವಳಿಗೆ?"

"ಎಲ್ಲೀದು ಬಿಡ್ರಿ, ಹತ್ತಿ ತಿಂದಂಗೈತೆ ಅಂತಾಳೆ. ಆದ್ರೆ ಬ್ರೆಡ್ಡು ಬಂದ ಮನೆಯಾಗೆ ಕಾಯಿಲೆ ಇಲ್ಲ ಅನ್ನಾಕೆ ಯಾರಿಗೂ ಬಾಯಿ ಬರಲ್ಲ."

ಬೇಕರಿಯವನು ಪೊಟ್ಟಣವನ್ನು ಅವನ ಚೀಲಕ್ಕೆ ಹಾಕಹೋದ. "ಬ್ಯಾಡ್ರಿ, ಕೈಯಾಗೇ ಕೊಡ್ರಿ. ಊರೆಲ್ಲ ನೋಡ್ಲಿ" ಎಂದು ಅದನ್ನು ಎದೆಗೊತ್ತಿ ಹಿಡಿದು ಬಸ್ಸು ಹತ್ತಿದ. ಹೆಂಡತಿಗೆ ನಾಲ್ಕು ದಿನದ ನಿದ್ದೆ ಕೊಳ್ಳಲು ಬಂದ ಪುಣ್ಯಾತ್ಮ! ಯಾವ ಗುರುತೂ ಹಾಕದೆ ಫಾರಂ ಮಡಿಸಿಟ್ಟೆ.

ಆಮೇಲೆ ಹೊಳೆಯಿತು ನೋಡಿ, ಇಷ್ಟು ವರ್ಷ ನಾನು ತಂದ ಬ್ರೆಡ್ಡನ್ನೆಲ್ಲ ನಾನೇ ತಿಂದಿದ್ದೆ. ನನ್ನಾಕೆ ವಾರದಿಂದ ಸೊಂಟ ಹಿಡಿದುಕೊಂಡೇ ರೊಟ್ಟಿ ತಟ್ಟುತ್ತಿದ್ದಳು. "ಯಾಕೋ ನೋವು" ಅಂದಿದ್ದಳು, ನಾನು "ಹೂಂ" ಅಂದಿದ್ದೆ. ಥೂ, ನನ್ನ ಬುದ್ಧಿಗಿಷ್ಟು! ನಾನೂ ಒಂದು ಪೌಂಡು ಕೊಂಡು ಸೀದಾ ಮನೆಗೆ ನಡೆದೆ.

"ಇದು ನಿನಗೆ ಕಣೇ. ಇವತ್ತು ಒಲೆ ಹಚ್ಚಬೇಡ, ತಿಂದು ಮಲಗು" ಎಂದೆ.

ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.