ಬೈದು ಬದುಕಿಸಿದ ಆಯಿ

ಮಾತನಾಡುವಾಗ ಆಯಿಯ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು, ಬಲದ್ದು ಕದಲುತ್ತಿರಲಿಲ್ಲ. ಆ ಒಂದು ಹುಬ್ಬಿನಿಂದಲೇ ಅವರು ನಾಟಕ ಕಂಪನಿಯಲ್ಲಿ ಅನ್ನ ತಿಂದಿದ್ದರು. ನಾಯಕಿಯ ಪಾತ್ರ ಒಮ್ಮೆಯೂ ಸಿಗಲಿಲ್ಲ. ಇಪ್ಪತ್ತರ ಹರೆಯದಲ್ಲೇ ತಲೆಗೆ ಬಿಳಿ ಬಳಿದುಕೊಂಡು ಕಾಟ ಕೊಡುವ ಅತ್ತೆಯಾದರು. ಕಂಪನಿ ಕ್ಯಾಂಪ್ ಹಾಕಿದ ಊರುಗಳಲ್ಲಿ ಸಂತೆಗೆ ಹೋದರೆ ಕಾಯಿಪಲ್ಲೆ ಮಾರುವ ಹೆಂಗಸರು ಮುಖ ತಿರುಗಿಸುತ್ತಿದ್ದರಂತೆ.

ಕಂಪನಿ ಮುಚ್ಚಿದ ಮೇಲೆ ರೇಡಿಯೋದಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮ ನಡೆಸಿದರು. ಅಲ್ಲಿ ಅದೇ ಗಂಟಲು ಎಲ್ಲರ ಅಕ್ಕನದಾಯಿತು. ಕೇಳುಗರು ಮನೆಯ ದುಃಖವನ್ನೆಲ್ಲ ಬರೆದು ಕಳಿಸುತ್ತಿದ್ದರು. "ಮಾರಿ, ಹುಬ್ಬು ಕಾಣಂಗಿಲ್ಲಲ್ಲೋ, ಅದಕ್ಕ ನಂಬಿದ್ರು," ಎಂದು ಆಯಿ ನಗುತ್ತಿದ್ದರು.

ನಾನು ಅವರನ್ನು ಕಂಡದ್ದು ಇದೆಲ್ಲ ಮುಗಿದ ಮೇಲೆ, ಸಾಂಕೋಲೆ ಎಂಬ ಊರಿನ ನಮ್ಮ ಚಾಳಿನಲ್ಲಿ. ಟೆಂಪೊ ಓಡಿಸುವ ಮಗನೊಂದಿಗೆ ಪಕ್ಕದ ಖೋಲಿಯಲ್ಲಿದ್ದರು. ನಾನು ವಿಜಯಪುರ ಕಡೆಯಿಂದ ಬಂದ ಕಟ್ಟಡದ ಕೂಲಿ.

ಆ ವರ್ಷ ಮಳೆ ಹಿಡಿಯುವ ಮೊದಲೇ ಗಟಾರದ ಪೈಪು ಹಾಕಿ ಮುಗಿಸಬೇಕೆಂದು ಮುಕಾದಮ ಅವಸರ ಮಾಡುತ್ತಿದ್ದ. ಕೆಲಸ ಚಾಳಿನ ಹಿಂದಿನ ಬಯಲಿನಲ್ಲೇ. ಆಳೆತ್ತರದ ತಗ್ಗಿನಲ್ಲಿ ಬಗ್ಗಿ ಪೈಪು ಕೂಡಿಸುತ್ತಿದ್ದೆ. ಕೆಮ್ಮಣ್ಣಿನ ಮಗ್ಗುಲು ಕುಸಿಯಿತು. ಆನಿಸಿದ್ದ ಹಲಗೆಗಳು ಅಡ್ಡಬಿದ್ದದ್ದಕ್ಕೆ ತಲೆ, ಎದೆ ಉಳಿದವು. ಸೊಂಟದ ಕೆಳಗೆ ಬರೀ ಮಣ್ಣು. ಕತ್ತಲು. ಮುಖದ ಬಳಿ ಪೈಪಿನ ಬಾಯಿ ಇತ್ತು, ಅದರ ಇನ್ನೊಂದು ತುದಿ ಹೊರಗೆ. ಉಸಿರಾಡಲು ಇದ್ದ ಗಾಳಿ ಅಷ್ಟೇ.

ಅಗ್ನಿಶಾಮಕದವರಿಗೆ ಫೋನು ಹೋಯಿತು, ಅವರು ಬರುವುದು ತಡವಿತ್ತು. ಯಂತ್ರ ಹಚ್ಚಿದರೆ ಉಳಿದ ಮಣ್ಣೂ ಬೀಳುತ್ತದೆಂದು ಸಂಗಡಿಗರು ಕೈಯಿಂದಲೇ ಬಗೆಯತೊಡಗಿದರು. ಪೈಪಿನಲ್ಲಿ ಹೆಂಡತಿಯ ಅಳು ಕೇಳಿಸುತ್ತಿತ್ತು. ಮೊದಮೊದಲು ಉತ್ತರ ಕೊಟ್ಟೆ. ಆಮೇಲೆ ಕಣ್ಣು ಎಳೆಯತೊಡಗಿದವು. ನನ್ನ ಧ್ವನಿ ನಿಂತದ್ದೇ ಅವಳು ಓಡಿಹೋಗಿ ಆಯಿಯನ್ನು ಕರೆತಂದಳು.

"ತಮ್ಮಾ, ನಾ ಆಯಿ. ಕೇಳಸಾಕತ್ತೈತೇನು?"

ರೇಡಿಯೋ ಅಕ್ಕನ ಮೆತ್ತನೆಯ ಧ್ವನಿ. ಊರು, ತಾಯಿ, ಹೊಲ, ಎಲ್ಲ ವಿಚಾರಿಸಿದರು. ಹೂಂಗುಟ್ಟಿದೆ. ಆದರೆ ಆ ಧ್ವನಿ ಜೋಗುಳದಂತಿತ್ತು, ನಿದ್ದೆ ಇನ್ನಷ್ಟು ಹತ್ತಿತು. ನನ್ನ ಹೂಂ ನಿಂತಿತು. ಮೇಲಿನ ಹಲಗೆ ಕಿರ್ರೆಂದಿತು.

ಒಮ್ಮೆಲೇ ಧ್ವನಿ ಬದಲಾಯಿತು.

"ಸಾಯ್ತಿಯೇನೋ? ಸಾಯಿ! ನಿನ್ನ ಹೆಂಡ್ತಿ ಇಲ್ಲೇ ನಿಂತಾಳ. ನಾಳಿಂದ ನನ್ನ ಮನ್ಯಾಗ ಭಾಂಡಿ ತಿಕ್ಕಿ ಎಂಜಲಾ ತಿಂದ ಬಿದ್ದಿರ್ತಾಳ. ನಿನ್ನ ಮಗಳು ಕಸಾ ಹೊಡೀತಾಳ. ಕೇಳಾವ ಯಾರದಾನ? ಗಂಡ ಅನ್ನಾವ ತಗ್ಗಿನ್ಯಾಗ ಮಲಗ್ಯಾನ!"

ಮೈ ಉರಿಯಿತು. "ಏ ಮುದುಕಿ, ನಾಲಿಗಿ ಬಿಗಿಹಿಡಿ!" ಎಂದು ಅರಚಿದೆ.

"ಹಿಡೀಲಿಲ್ಲಂದ್ರ ಏನ್ ಮಾಡ್ತಿ? ಎದ್ದ ಬರ್ತಿ?"

ನಾನು ಬೈದೆ. ಅವರು ಇನ್ನೊಂದು ಒಗೆದರು. ನನಗೆ ಗೊತ್ತಿದ್ದ ಬೈಗುಳಗಳೆಲ್ಲ ಮುಗಿದವು, ಅವರ ಬಳಿ ಇನ್ನೂ ಇದ್ದವು. ಹಲಗೆಯ ಸಂದಿನಲ್ಲಿ ಬೆಳಕು ಕಂಡಾಗಲೂ ನಾನು ಬೈಯುತ್ತಲೇ ಇದ್ದೆ.

ಎಳೆದು ಹೊರಗೆ ಮಲಗಿಸಿದಾಗ, ಆಯಿ ಪೈಪಿನ ಪಕ್ಕ ಮಣ್ಣಿನಲ್ಲಿ ಕುಸಿದು ಕೂತಿದ್ದರು. ಗಂಟಲು ಪೂರ್ತಿ ಕಟ್ಟಿತ್ತು. ನನ್ನ ಹೆಂಡತಿಯ ಕೈ ಹಿಡಿದು, "ಆಡಬಾರದ್ದ ಆಡಿದೆ ಯವ್ವಾ, ಮನಸಿಗೆ ಹಚ್ಕೋಬ್ಯಾಡ," ಎಂದು ಅಳುತ್ತಿದ್ದರು.

ಅವರ ಧ್ವನಿ ಮತ್ತೆ ಮೊದಲಿನಂತಾಗಲಿಲ್ಲ, ಒಡಕು ಉಳಿಯಿತು. ಒಮ್ಮೆ ಅದಕ್ಕೆ ನೊಂದು ಮಾತೆತ್ತಿದೆ. "ಆ ಅತ್ತಿ ಪಾತ್ರಕ್ಕ ಮಂದಿ ಶಾಪ ಹಾಕಿದ್ದ ಖರೇ," ಎಂದರು. "ಒಮ್ಮೆರ ಯಾರಿಗೋ ಉಪಯೋಗಕ್ಕ ಬಂತಲ್ಲ, ಬಿಡು."

ನನ್ನ ಕಾಲು ನೆಟ್ಟಗಾದವು. ತಗ್ಗಿಗೆ ಮಾತ್ರ ಇಳಿಯಲಾಗಲಿಲ್ಲ. ಅಂಚಿನಲ್ಲಿ ನಿಂತರೂ ಮೈ ಬೆವರುತ್ತಿತ್ತು. ಗಾರೆ ಕೆಲಸ ಕಲಿತು ಹೊಟ್ಟೆ ಹೊರೆದೆ.

ಹೋದ ಬೇಸಿಗೆಯಲ್ಲಿ ಆಯಿ ತೀರಿಕೊಂಡರು. ಅವರದು ಹೂಳುವ ಪದ್ಧತಿ. ಕುಣಿ ತೋಡುತ್ತಿದ್ದವರು ನಡುವೆ ಕಲ್ಲು ಹತ್ತಿ, ಸುಸ್ತಾಗಿ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಅಂಚಿಗೆ ಹೋದೆ.

"ಬ್ಯಾಡಣ್ಣಾ, ನೀ ಇಳೀಬ್ಯಾಡ," ಎಂದ ಆಯಿಯ ಮಗ.

ಅಂಚಿಗೆ ಕೈಯೂರಿ ಇಳಿದೆ. ಗುದ್ದಲಿ ಇಸಿದುಕೊಂಡು ಕಲ್ಲು ಎಬ್ಬಿಸಿದೆ. ಒಂದು ಹೆಂಟೆಯೂ ಸಡಿಲ ಉಳಿಯದಂತೆ ಮಗ್ಗುಲುಗಳನ್ನು ಕೈಯಿಂದ ಸವರಿ ಸಮ ಮಾಡಿದೆ. ಆಮೇಲೆ ಅಲ್ಲೇ ನಿಂತು, ಆಯಿಯನ್ನು ಇಳಿಸಿಕೊಳ್ಳಲು ಎರಡೂ ಕೈ ಮೇಲೆತ್ತಿದೆ.